ಮಿನರಲ್ ವಾಟರ್‌ನಲ್ಲಿ ಮಿನರಲ್ ಎಷ್ಟಿದೆ?

ನಿಕಾಹ್ ಇರಲಿ, ಇಫ್ತಾರ್ ಕೂಟವಿರಲಿ, ಇಂದು ನೀರಿನ ಬಾಟಲಿ ಇಲ್ಲದ ಊಟವಿಲ್ಲ. ಅದನ್ನೆಲ್ಲ ನಾವು ‘ಮಿನರಲ್ ವಾಟರ್’ ಎಂದೇ ಕರೆಯುತ್ತೇವೆ. ಮೂಳೆ ಗಟ್ಟಿಯಾಗಲೆಂದು ಮಕ್ಕಳಿಗೆ, ವೃದ್ಧರಿಗೆ ಅದನ್ನೇ ಕೊಂಡು ಕುಡಿಸುವವರೂ ಇದ್ದಾರೆ. ಆ ಹಣ ಸಾರ್ಥಕವೇ?

ಮೊದಲು ಬಾಟಲಿಯ ಮೇಲಿನ ಬರಹ ಓದಿ. ನಮ್ಮ ಅಂಗಡಿಗಳ ಹೆಚ್ಚಿನ ಬಾಟಲಿಗಳ ಮೇಲೆ ‘ಪ್ಯಾಕೇಜ್ಡ್ ಡ್ರಿಂಕಿಂಗ್ ವಾಟರ್’ ಎಂದಿರುತ್ತದೆ. ಇದು ಕೊಳವೆಬಾವಿ ಮುಂತಾದ ಕಡೆಯ ನೀರನ್ನು ಶುದ್ಧೀಕರಿಸಿ ತುಂಬಿದ್ದು. ಆರ್‌ಒ ಯಂತ್ರದಲ್ಲಿ ಸೋಸಿದಾಗ ಖನಿಜಗಳ ಬಹುಪಾಲು ಹೊರಹೋಗುತ್ತದೆ. ಆಮೇಲೆ ಸ್ವಲ್ಪ ಸೇರಿಸುವುದೂ ಉಂಟು. ‘ನ್ಯಾಚುರಲ್ ಮಿನರಲ್ ವಾಟರ್’ ಇದಕ್ಕಿಂತ ಬೇರೆ. ಅದು ಭೂಮಿಯೊಳಗಿನ ಒರತೆಯ ನೀರು. ಖನಿಜಾಂಶ ಬದಲಿಸದೆ ತುಂಬಿರುತ್ತಾರೆ, ಬೆಲೆಯೂ ಹೆಚ್ಚು.

ನೀರಿಗೆ ರುಚಿ ಬರುವುದು ಬಂಡೆ, ಮಣ್ಣಿನ ನಡುವೆ ಇಳಿಯುವಾಗ ಕರಗಿಸಿಕೊಂಡ ಖನಿಜಗಳಿಂದ. ಸೋಡಿಯಂ ಕ್ಲೋರೈಡ್ ಹೆಚ್ಚಿದ್ದರೆ ಉಪ್ಪು, ಮೆಗ್ನೀಸಿಯಂ ಸಲ್ಫೇಟ್ ಹೆಚ್ಚಿದ್ದರೆ ಕಹಿ, ಕಬ್ಬಿಣವಿದ್ದರೆ ಲೋಹದ ರುಚಿ. ಖನಿಜ ತೀರಾ ಕಡಿಮೆಯಾದರೆ ನೀರು ಸಪ್ಪೆ. ಹಾಜಿಗಳು ತರುವ ಝಮ್‌ಝಮ್ ನೀರಿನ ರುಚಿ ನಮ್ಮ ಮನೆಯ ನೀರಿಗಿಂತ ಬೇರೆಯಾಗಿರುವುದಕ್ಕೂ ಅದರಲ್ಲಿರುವ ಹೆಚ್ಚಿನ ಖನಿಜಗಳೇ ಕಾರಣ.

ಯುನಾನಿ ವೈದ್ಯರ ಗುರು ಇಬ್ನ್ ಸೀನಾ (980-1037) ತಮ್ಮ ‘ಅಲ್ ಖಾನೂನ್’ ಗ್ರಂಥದಲ್ಲಿ ಒಂದು ಪರೀಕ್ಷೆ ಹೇಳಿದ್ದಾರೆ. ಸಮ ತೂಕದ ಎರಡು ಬಟ್ಟೆ ತುಂಡುಗಳನ್ನು ಎರಡು ಬಗೆಯ ನೀರಿನಲ್ಲಿ ನೆನೆಸಿ, ಚೆನ್ನಾಗಿ ಒಣಗಿಸಿ ತೂಗಬೇಕು. ಯಾವ ಬಟ್ಟೆ ಹಗುರವೋ ಅದರ ನೀರು ಉತ್ತಮ. ನೀರು ಆರಿದ ಮೇಲೆ ಬಟ್ಟೆಯಲ್ಲಿ ಉಳಿಯುವುದು ಕರಗಿದ್ದ ಲವಣ. ಇಂದು ‘ಟಿಡಿಎಸ್’ ಎಂದು ಅಳೆಯುವುದೂ ಇದನ್ನೇ. ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿನಲ್ಲಿ ಇದು ಲೀಟರಿಗೆ 500 ಮಿಲಿಗ್ರಾಂ ಮೀರಬಾರದು. ಬೇರೆ ಮೂಲವೇ ಇಲ್ಲದಿದ್ದರೆ 2000ದವರೆಗೆ ಅವಕಾಶವಿದೆ.

ಇನ್ನು ಮೂಳೆಯ ಮಾತು. ಫ್ರಾನ್ಸಿನ ಆಲ್ಪ್ಸ್ ಪರ್ವತದ ತಪ್ಪಲಿನಿಂದ ಬರುವ ದುಬಾರಿ ‘ಎವಿಯನ್’ ನೀರಿನ ಲೇಬಲ್ ನೋಡಿ. ಲೀಟರಿಗೆ ಕ್ಯಾಲ್ಸಿಯಂ 80 ಮಿಲಿಗ್ರಾಂ, ಮೆಗ್ನೀಸಿಯಂ 26 ಮಿಲಿಗ್ರಾಂ. ವಯಸ್ಕರಿಗೆ ದಿನಕ್ಕೆ ಬೇಕಾದ ಕ್ಯಾಲ್ಸಿಯಂ ಸುಮಾರು 1000 ಮಿಲಿಗ್ರಾಂ. 200 ಮಿಲಿಲೀಟರ್ ಹಸುವಿನ ಹಾಲಿನಲ್ಲಿ ಸುಮಾರು 240 ಮಿಲಿಗ್ರಾಂ ಇದೆ. ಅಂದರೆ ಒಂದು ಲೋಟ ಹಾಲು ಮೂರು ಲೀಟರ್ ಎವಿಯನ್‌ಗೆ ಸಮ. 100 ಗ್ರಾಂ ರಾಗಿಯಲ್ಲಿ ಇನ್ನೂ ಹೆಚ್ಚು, 300 ಮಿಲಿಗ್ರಾಂ ಮೀರಿ ಇದೆ. ಮೂಳೆಗಾಗಿ ಖರ್ಚು ಮಾಡುವುದಾದರೆ ಹಾಲು, ರಾಗಿಗೆ ಮಾಡಿ.

ಆದರೆ ರುಚಿಯನ್ನು ನಂಬಿ ಮೋಸಹೋಗಬೇಡಿ. ಫ್ಲೋರೈಡ್‌ಗೆ ರುಚಿಯೂ ಇಲ್ಲ, ವಾಸನೆಯೂ ಇಲ್ಲ. ಲೀಟರಿಗೆ 1.5 ಮಿಲಿಗ್ರಾಂ ಮೀರಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಮಕ್ಕಳ ಹಲ್ಲಿನಲ್ಲಿ ಕಲೆ ಬೀಳುತ್ತದೆ. ಪ್ರಮಾಣ ಇನ್ನೂ ಹೆಚ್ಚಾದರೆ ಮೂಳೆ, ಕೀಲುಗಳು ಬಿಗಿಯುತ್ತವೆ. ಪಾವಗಡದಂಥ ಕಡೆ ಇದು ಹಳೆಯ ಪಿಡುಗು. ಕುದಿಸಿದರೆ ಕ್ರಿಮಿಗಳು ಸಾಯುತ್ತವೆ, ಫ್ಲೋರೈಡ್ ಹೋಗುವುದಿಲ್ಲ. ಅಂಥ ಊರಿನಲ್ಲಿ ಆರ್‌ಒ ನೀರು ಆಡಂಬರವಲ್ಲ, ಅಗತ್ಯ.

ನೀವು ಮಾಡಬಹುದಾದದ್ದು ಇಷ್ಟು:

• ಮನೆಯ ಕೊಳವೆಬಾವಿ ನೀರನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸಿ. ಫ್ಲೋರೈಡ್, ನೈಟ್ರೇಟ್ ಎಷ್ಟಿದೆ ಎಂದು ಕೇಳಿ.

• ಬಾಟಲಿ ಕೊಳ್ಳುವಾಗ ಎಫ್‌ಎಸ್‌ಎಸ್‌ಎಐ ಪರವಾನಗಿಯ 14 ಅಂಕೆ, ತುಂಬಿದ ದಿನಾಂಕ, ಮುಚ್ಚಳದ ಸೀಲ್ ನೋಡಿ. ಬಿಸಿಲಿನಲ್ಲಿಟ್ಟ ಬಾಟಲಿ ಬೇಡ.

• ಬಿ.ಪಿ. ಇರುವವರು ಸೋಡಿಯಂ ಕಡಿಮೆಯಿರುವ ನೀರು ಆರಿಸಲಿ. ಮೂತ್ರಕೋಶದ ಕಲ್ಲಿಗೆ ಹೆದರಿ ಮನೆಯ ನೀರು ಬಿಡುವವರು ತಿಳಿಯಲಿ, ಅಲ್ಲಿ ಮುಖ್ಯವಾದದ್ದು ಸಾಕಷ್ಟು ನೀರು ಕುಡಿಯುವುದು. ಕಿಡ್ನಿ ವೈಫಲ್ಯವಿದ್ದರೆ ಮಾತ್ರ ವೈದ್ಯರು ಹೇಳಿದಷ್ಟೇ ಕುಡಿಯಬೇಕು.

• ಇಪ್ಪತ್ತು ಲೀಟರಿನ ಕ್ಯಾನ್ ಇರಲಿ, ಮಣ್ಣಿನ ಹೂಜಿ ಇರಲಿ, ಮುಚ್ಚಿಡಿ. ನೀರಿನ ಪಾತ್ರೆ ಮುಚ್ಚಿಡಲು ಪ್ರವಾದಿಯವರು(ಸ) ಕಲಿಸಿದ್ದಾರೆ.

ಬಿಸ್ಮಿಲ್ಲಾ ಹೇಳಿ, ಕುಳಿತು, ಮೂರು ಉಸಿರಿನಲ್ಲಿ ನಿಧಾನವಾಗಿ ಕುಡಿಯಿರಿ. ಪರೀಕ್ಷೆಯಲ್ಲಿ ಶುದ್ಧವೆಂದು ಬಂದ ನೀರು ನಿಮ್ಮ ಮನೆಯಲ್ಲಿದ್ದರೆ ಬಾಟಲಿಯ ಹಂಗು ಬೇಕಿಲ್ಲ.