ಮಿಥೈಲ್ ಆಲ್ಕೋಹಾಲ್: ಕಣ್ಣಿಗೂ ಜೀವಕ್ಕೂ ಕುತ್ತು

ಸಕ್ಕರೆ ಹುದುಗಿದಾಗ ಹುಟ್ಟುವುದು ಈಥೈಲ್ ಆಲ್ಕೋಹಾಲ್. ಕಾರ್ಖಾನೆಗಳು ದ್ರಾವಕವಾಗಿ ಬಳಸುವುದು ಮಿಥೈಲ್ ಆಲ್ಕೋಹಾಲ್. ನೋಡಿದರೆ, ಮೂಸಿದರೆ ವ್ಯತ್ಯಾಸ ತಿಳಿಯದು. 1981ರಲ್ಲಿ ಬೆಂಗಳೂರಿನಲ್ಲಿ 300ಕ್ಕೂ ಹೆಚ್ಚು ಜನರನ್ನು ಬಲಿ ತೆಗೆದುಕೊಂಡ ಕಳ್ಳಭಟ್ಟಿಯಲ್ಲಿ ಬೆರೆತಿದ್ದುದು ಈ ಎರಡನೆಯದು.

ಯಕೃತ್ತಿನ ಕಿಣ್ವಗಳು ಈಥೈಲನ್ನು ಕೊನೆಗೆ ಅಸಿಟಿಕ್ ಆಮ್ಲವಾಗಿ, ಅಂದರೆ ವಿನೆಗರಿನ ಹುಳಿಯಾಗಿ ಮಾರ್ಪಡಿಸುತ್ತವೆ. ಮಿಥೈಲ್ ಮಾತ್ರ ಮೊದಲು ಫಾರ್ಮಾಲ್ಡಿಹೈಡ್, ಬಳಿಕ ಫಾರ್ಮಿಕ್ ಆಮ್ಲವಾಗುತ್ತದೆ. ಈ ಆಮ್ಲವೇ ಕಣ್ಣಿನ ನರವನ್ನು ಹಾಳುಗೆಡವುವುದು.

ಇದಕ್ಕೆ 12ರಿಂದ 24 ಗಂಟೆ ಹಿಡಿಯಬಹುದು. ಆದ್ದರಿಂದ ಕುಡಿದವರು ರಾತ್ರಿ ಚೆನ್ನಾಗಿಯೇ ಇದ್ದರೆಂದು ನಿಶ್ಚಿಂತರಾಗಬೇಡಿ. ಕಣ್ಣು ಮಂಜಾಗುವುದು, ವಾಂತಿ, ಹೊಟ್ಟೆನೋವು, ಏದುಸಿರು ಕಂಡರೆ ಕೂಡಲೇ ದೊಡ್ಡ ಆಸ್ಪತ್ರೆಗೆ ಕರೆದೊಯ್ಯಿರಿ. ಕಿಣ್ವವನ್ನು ತಡೆಯುವ ಔಷಧಿ, ಡಯಾಲಿಸಿಸ್ ಬೇಗ ದೊರೆತರೆ ಜೀವ, ದೃಷ್ಟಿ ಎರಡೂ ಉಳಿಯಬಹುದು. ಮನೆಮದ್ದಿನಲ್ಲಿ ಹೊತ್ತು ಕಳೆಯಬೇಡಿ.