ಯಾವ ತಕ್ಕಡಿಯಲ್ಲಿ ತೂಗುವುದು?

ವಯಸ್ಸಾದವರ ನೆನಪಿನಲ್ಲಿ ಮಳೆ ಯಾವಾಗಲೂ ಹೆಚ್ಚು ಸುರಿಯುತ್ತದೆ, ಮಾವಿನ ಹಣ್ಣು ಹೆಚ್ಚು ಸಿಹಿಯಾಗಿರುತ್ತದೆ, ಸಂಗೀತಗಾರರ ಕಂಠ ಹೆಚ್ಚು ತುಂಬಿರುತ್ತದೆ. ಹರೆಯದವರಿಗೆ ಇದು ಒಪ್ಪಿಗೆಯಾಗದು. ಅವರು ಕಣ್ಣಾರೆ ಕಂಡದ್ದೇ ಪ್ರಮಾಣವೆನ್ನುತ್ತಾರೆ. ಈ ಜಗಳ ಎಲ್ಲ ನಾಡುಗಳಲ್ಲಿಯೂ ಉಂಟು. ಆದರೆ ತಮ್ಮ ಕಾಲ್ಚೆಂಡಾಟದ ವಿಷಯದಲ್ಲಿ ಇಂಗ್ಲೆಂಡಿನ ಜನ ಅದನ್ನು ನಡೆಸಿಕೊಂಡು ಬಂದಿರುವ ಶ್ರದ್ಧೆ ಅಸಾಧಾರಣವಾದದ್ದು. ತಾತ ಸ್ಟಾನ್ಲಿ ಮ್ಯಾಥ್ಯೂಸನ ಹೆಸರೆತ್ತಿದರೆ ಮಗ ಬಾಬಿ ಚಾರ್ಲ್‌ಟನ್ ಎನ್ನುತ್ತಾನೆ. ಮೊಮ್ಮಗನಿಗೆ ವೇಯ್ನ್ ರೂನಿ ಸಾಕು. ಅವನ ಮಗನಿಗೆ ಹ್ಯಾರಿ ಕೇನ್‌ನನ್ನು ಬಿಟ್ಟರೆ ಬೇರೆ ದೈವವಿಲ್ಲ. ನಾಲ್ವರೂ ಒಂದೇ ಆಟವನ್ನು ಆಡಿದರೆಂಬ ನಂಬಿಕೆಯಿಂದಲೇ ಈ ವಾದವೆಲ್ಲ ಹೊರಡುತ್ತದೆ. ಆ ನಂಬಿಕೆಯನ್ನೇ ಮೊದಲು ಪರೀಕ್ಷಿಸಿ ನೋಡಬೇಕು.

ಲೆಕ್ಕದಲ್ಲಿ ವಿಶ್ವಾಸವುಳ್ಳವರ ಮಾತನ್ನು ಮೊದಲು ಕೇಳೋಣ. ಇಂಗ್ಲೆಂಡಿನ ತಂಡಕ್ಕಾಗಿ ಸ್ಟೀವ್ ಬ್ಲೂಮರ್ ೨೩ ಪಂದ್ಯಗಳಲ್ಲಿ ೨೮ ಗೋಲು ಹೊಡೆದ. ಡಿಕ್ಸಿ ಡೀನ್ ೧೬ ಪಂದ್ಯಗಳಲ್ಲಿ ೧೮. ಜಿಮ್ಮಿ ಗ್ರೀವ್ಸ್ ೫೭ ಪಂದ್ಯಗಳಲ್ಲಿ ೪೪. ಚಾರ್ಲ್‌ಟನ್ ೧೦೬ರಲ್ಲಿ ೪೯. ರೂನಿ ೧೨೦ರಲ್ಲಿ ೫೩. ೨೦೨೩ರ ಮಾರ್ಚಿಯಲ್ಲಿ ನೇಪಲ್ಸ್ ನಗರದಲ್ಲಿ ಇಟಲಿಯ ಮೇಲೆ ತನ್ನ ೫೪ನೆಯ ಗೋಲನ್ನು ಹೊಡೆದು ಕೇನ್ ಎಲ್ಲರನ್ನೂ ದಾಟಿದ. ಒಟ್ಟು ಮೊತ್ತವನ್ನು ನೋಡಿದರೆ ಕೇನ್ ಮೊದಲಿಗ. ಪಂದ್ಯಕ್ಕಿಷ್ಟೆಂದು ಭಾಗಿಸಿದರೆ ಬ್ಲೂಮರನೇ ಹಿರಿಯ; ರೂನಿಯ ಪಾಲಿಗೆ ಕೊನೆಯ ಸ್ಥಾನ. ಒಂದೇ ಲೆಕ್ಕದ ಪುಸ್ತಕ ಹೀಗೆ ಎರಡು ತೀರ್ಪು ಕೊಟ್ಟರೆ ನ್ಯಾಯಾಧೀಶನ ಗತಿಯೇನು?

ಬ್ಲೂಮರ್ ಆಡಿದ್ದು ೧೮೯೫ರಿಂದ ೧೯೦೭ರವರೆಗೆ. ಆಗ ಇಂಗ್ಲೆಂಡಿಗೆ ಎದುರಾಳಿಗಳೆಂದರೆ ಸ್ಕಾಟ್ಲೆಂಡ್, ವೇಲ್ಸ್, ಐರ್ಲೆಂಡ್ ಈ ಮೂರೇ. ಯೂರೋಪಿನ ನೆಲದ ತಂಡವೊಂದನ್ನು ಇಂಗ್ಲೆಂಡ್ ಮೊದಲು ಎದುರಿಸಿದ್ದು ೧೯೦೮ರಲ್ಲಿ, ವಿಯೆನ್ನಾದಲ್ಲಿ. ಡರ್ಬಿಯ ಈ ಕಮ್ಮಾರಸಾಲೆಯ ಹುಡುಗ ತನ್ನ ಇಪ್ಪತ್ತೆಂಟು ಗೋಲುಗಳನ್ನೂ ನೆರೆಮನೆಯವರ ಮೇಲೆಯೇ ಹೊಡೆದನೆಂದು ಮೂಗು ಮುರಿಯುವವರಿದ್ದಾರೆ. ಅವರು ೨೦೨೧ರಲ್ಲಿ ಸ್ಯಾನ್ ಮರೀನೋ ಎಂಬ ಹಿಡಿಯಷ್ಟು ರಾಜ್ಯದ ಮೇಲೆ ಕೇನ್ ಒಂದೇ ಪಂದ್ಯದಲ್ಲಿ ನಾಲ್ಕು ಗೋಲು ಹೊಡೆದುದನ್ನೂ ನೆನೆಯಬೇಕು. ಬ್ಲೂಮರನ ಕಾಲದ ಸ್ಕಾಟ್ಲೆಂಡ್ ಅಂಥ ಸುಲಭದ ತುತ್ತಾಗಿರಲಿಲ್ಲ.

ನಿಯಮವೊಂದು ಬದಲಾದರೆ ಮನುಷ್ಯನ ಕೀರ್ತಿ ಹೇಗೆ ಬೆಳೆಯುತ್ತದೆ ಎಂಬುದಕ್ಕೆ ಡೀನ್ ಒಳ್ಳೆಯ ನಿದರ್ಶನ. ಮುಂದಿರುವ ಆಟಗಾರನಿಗೆ ಚೆಂಡು ಕೊಡುವಾಗ ಅವನಿಗೂ ಗೋಲಿಗೂ ನಡುವೆ ಎದುರಾಳಿಗಳು ಮೂವರಿರಬೇಕೆಂಬ ಕಟ್ಟಳೆ ೧೯೨೫ರವರೆಗೆ ನಡೆದುಬಂದಿತ್ತು. ಅದೇ ಆಫ್‌ಸೈಡ್ ನಿಯಮ. ಚತುರರಾದ ರಕ್ಷಣೆಯವರು ಸಮಯ ನೋಡಿ ಎರಡು ಹೆಜ್ಜೆ ಮುಂದೆ ಸರಿದು ನಿಂತುಬಿಟ್ಟರೆ ಸಾಕು, ದಾಳಿಯೆಲ್ಲ ರೆಫರಿಯ ಸೀಟಿಯಲ್ಲಿ ಮುಗಿದುಹೋಗುತ್ತಿತ್ತು. ೧೯೨೫ರಲ್ಲಿ ಮೂವರ ಬದಲು ಇಬ್ಬರು ಸಾಕೆಂದು ತೀರ್ಮಾನವಾಯಿತು. ಮೊದಲ ದರ್ಜೆಯ ಲೀಗಿನಲ್ಲಿ ಹಿಂದಿನ ವರ್ಷ ಆದ ಗೋಲುಗಳು ೧,೧೯೨, ಮರುವರ್ಷ ೧,೭೦೩! ಆಟಗಾರರು ಅವರೇ, ಮೈದಾನಗಳೂ ಅವೇ. ಈ ಬಾಗಿಲು ತೆರೆದ ಮೂರನೆಯ ವರ್ಷದಲ್ಲಿ, ಎಂದರೆ ೧೯೨೭-೨೮ರಲ್ಲಿ, ಇಪ್ಪತ್ತೊಂದು ವಯಸ್ಸಿನ ಡೀನ್ ಎವರ್ಟನ್ ತಂಡಕ್ಕಾಗಿ ಒಂದೇ ಋತುವಿನ ಲೀಗಿನಲ್ಲಿ ೬೦ ಗೋಲು ಹೊಡೆದ. ಕೊನೆಯ ಪಂದ್ಯದಲ್ಲಿ ಅವನಿಗೆ ಮೂರು ಗೋಲು ಬೇಕಿತ್ತು. ಆರ್ಸೆನಲ್ ತಂಡದ ಮೇಲೆ ಮೂರನ್ನೂ ಹೊಡೆದ. ಆ ದಾಖಲೆಯನ್ನು ಯಾರೂ ಮುರಿದಿಲ್ಲ. ಆದರೆ ಅದರ ಹಿಂದಿನ ವರ್ಷ ಎರಡನೆಯ ದರ್ಜೆಯಲ್ಲಿ ಜಾರ್ಜ್ ಕ್ಯಾಮ್‌ಸೆಲ್ ಎಂಬಾತ ೫೯ ಹೊಡೆದಿದ್ದ ಎಂಬುದನ್ನು ಜನ ಮರೆತಿದ್ದಾರೆ. ಹತ್ತಾರು ವರ್ಷಗಳಲ್ಲಿ ಒಮ್ಮೆ ಆಗಬೇಕಾದ ಅದ್ಭುತ ಎರಡು ವರ್ಷಗಳಲ್ಲಿ ಎರಡು ಸಲ ಆದರೆ, ಅದರಲ್ಲಿ ಕಾಲದ ಕೈಯೂ ಇದೆಯೆಂದು ತಿಳಿಯಬೇಕು. ಡೀನನ ಹಿರಿಮೆ ಇದರಿಂದ ಕುಗ್ಗುವುದಿಲ್ಲ. ೧೯೨೬ರಲ್ಲಿ ಮೋಟಾರು ಸೈಕಲ್ಲಿನ ಅಪಘಾತದಲ್ಲಿ ತಲೆಬುರುಡೆ ಬಿರಿದಿದ್ದವನು, ಅದೇ ತಲೆಯಿಂದ ಚೆಂಡನ್ನು ಗೋಲಿಗೆ ಅಟ್ಟಿದವನು ಆತ.

ಇನ್ನು ಈ ಜಗಳದ ತಿರುಳಾದ ಮ್ಯಾಥ್ಯೂಸ್ ಮತ್ತು ಟಾಮ್ ಫಿನ್ನಿಯರ ವಿಷಯ. ಇವರಿಬ್ಬರೂ ಒಂದೇ ಕಾಲದವರೆಂದೇ ಹೇಳಬಹುದು. ಇಬ್ಬರೂ ಬಲ ಅಂಚಿನ ಆಟಗಾರರು. ಹಾಗಿದ್ದೂ ಹೋಲಿಕೆ ಸುಲಭವಾಗಲಿಲ್ಲವೆಂದರೆ ಶತಮಾನ ದಾಟಿದ ಹೋಲಿಕೆಗಳ ಪಾಡನ್ನು ಊಹಿಸಿಕೊಳ್ಳಬಹುದು.

ಮ್ಯಾಥ್ಯೂಸ್ ಸ್ಟೋಕ್ ಪಟ್ಟಣದ ಹ್ಯಾನ್ಲಿಯವನು. ತಂದೆ ಕ್ಷೌರಿಕ, ಜೊತೆಗೆ ಹೆಸರಾದ ಮುಷ್ಟಿಕಾಳಗದವನು. ಮಗನಿಗೆ ಬಂದದ್ದು ಪಾದದ ಚಳಕ. ಎದುರಾಳಿಯ ಮುಂದೆ ಚೆಂಡಿನೊಡನೆ ನಿಧಾನವಾಗಿ ಬಂದು ನಿಲ್ಲುವುದು, ಎಡಕ್ಕೆ ಒಲೆದಂತೆ ಮೈಯನ್ನು ಬಾಗಿಸುವುದು, ಅವನು ಅತ್ತ ವಾಲಿದೊಡನೆ ಬಲಕ್ಕೆ ನುಸುಳಿ ಮಾಯವಾಗುವುದು. ಈ ಮೋಸ ಎಲ್ಲರಿಗೂ ಗೊತ್ತಿತ್ತು. ಗೊತ್ತಿದ್ದೂ ಮೂವತ್ತು ವರ್ಷ ಮೋಸ ಹೋದರು. ಹತ್ತೊಂಬತ್ತನೆಯ ವಯಸ್ಸಿನಲ್ಲಿ ದೇಶದ ತಂಡಕ್ಕೆ ಬಂದವನು ನಲವತ್ತೆರಡನೆಯ ವಯಸ್ಸಿನಲ್ಲಿ ಬಿಟ್ಟ. ಯೂರೋಪಿನ ಶ್ರೇಷ್ಠ ಆಟಗಾರನೆಂಬ ಚಿನ್ನದ ಚೆಂಡಿನ ಬಹುಮಾನ ೧೯೫೬ರಲ್ಲಿ ಮೊದಲ ಸಲ ಸಂದದ್ದು ಅವನಿಗೇ. ಕಟ್ಟಕಡೆಯ ಲೀಗ್ ಪಂದ್ಯವನ್ನು ಆಡಿದ್ದು ೧೯೬೫ರ ಫೆಬ್ರುವರಿಯಲ್ಲಿ, ಐವತ್ತು ತುಂಬಿ ಐದು ದಿನವಾಗಿದ್ದಾಗ.

ಅವನ ಹೆಸರಿಗೆ ಅಂಟಿಕೊಂಡಿರುವ ೧೯೫೩ರ ಕಪ್ ಫೈನಲನ್ನೇ ನೋಡಿ. ಬ್ಲ್ಯಾಕ್‌ಪೂಲ್ ತಂಡ ಬೋಲ್ಟನ್ನಿನ ಎದುರು ೧-೩ರಿಂದ ಹಿಂದಿದ್ದು ಕೊನೆಗೆ ೪-೩ರಿಂದ ಗೆದ್ದಿತು. ಇಂಗ್ಲೆಂಡ್ ಅದನ್ನು ಮ್ಯಾಥ್ಯೂಸನ ಫೈನಲ್ ಎಂದೇ ಕರೆಯುತ್ತದೆ. ಆದರೆ ಮೂರು ಗೋಲು ಹೊಡೆದವನು ಸ್ಟಾನ್ ಮಾರ್ಟೆನ್ಸನ್! ಬೋಲ್ಟನ್ನಿನ ಎಡಭಾಗದಲ್ಲಿ ಆಡುತ್ತಿದ್ದ ಎರಿಕ್ ಬೆಲ್ ಮೊದಲೇ ಕಾಲಿಗೆ ಪೆಟ್ಟಾಗಿ ಕುಂಟುತ್ತಿದ್ದ. ಬದಲಿ ಆಟಗಾರರನ್ನು ಇಳಿಸುವ ಪದ್ಧತಿ ಆಗ ಇರಲಿಲ್ಲ. ಮ್ಯಾಥ್ಯೂಸ್ ನುಗ್ಗುತ್ತಿದ್ದುದು ಅದೇ ದುರ್ಬಲವಾದ ಮಗ್ಗುಲಿನಿಂದ. ಇಂದಿನ ನಿಯಮವಿದ್ದಿದ್ದರೆ ಬೆಲ್ಲನ ಜಾಗಕ್ಕೆ ಹೊಸ ಕಾಲುಗಳು ಬರುತ್ತಿದ್ದವು. ಆ ಫೈನಲಿಗೆ ಬೇರೆ ಹೆಸರಿರುತ್ತಿತ್ತೋ ಏನೋ. ಇದರಿಂದ ಮ್ಯಾಥ್ಯೂಸ್ ಸಣ್ಣವನಾದನೆಂದಲ್ಲ. ಬಿರುಕನ್ನು ಕಂಡು ಅಲ್ಲಿಯೇ ಉಳಿ ಇಡುವುದೂ ಒಂದು ವಿದ್ಯೆ.

ಫಿನ್ನಿಯ ಕಥೆಯಲ್ಲಿ ಇಂಥ ಹೊಳೆಯುವ ಅಪರಾಹ್ನ ಯಾವುದೂ ಇಲ್ಲ. ಪ್ರೆಸ್ಟನ್ನಿನ ಈ ಹುಡುಗನಿಗೆ, ಆಟ ಹೊಟ್ಟೆಗೆ ಹಾಕುವುದಿಲ್ಲ ಎಂದು ತಂದೆ ಕೊಳಾಯಿ ಕೆಲಸ ಕಲಿಸಿದ. ಹದಿನೇಳರಿಂದ ಇಪ್ಪತ್ತನಾಲ್ಕರವರೆಗಿನ ಹರೆಯವನ್ನು ಯುದ್ಧ ನುಂಗಿತು. ಆತ ಎಂಟನೆಯ ಸೈನ್ಯದಲ್ಲಿದ್ದ. ಲೀಗಿನ ಮೊದಲ ಪಂದ್ಯ ಆಡಿದ್ದು ೧೯೪೬ರ ಆಗಸ್ಟಿನಲ್ಲಿ. ಮರುತಿಂಗಳೇ ಇಂಗ್ಲೆಂಡಿನ ತಂಡದಲ್ಲಿದ್ದ. ಬಲ ಅಂಚಿನಲ್ಲಿ ಮ್ಯಾಥ್ಯೂಸ್ ಇದ್ದರೆ ತಾನು ಎಡ ಅಂಚಿಗೆ ಸರಿಯುತ್ತಿದ್ದ. ೧೯೪೭ರಲ್ಲಿ ಲಿಸ್ಬನ್ನಿನಲ್ಲಿ ಹೀಗೆ ಇಬ್ಬರೂ ಮೊದಲ ಸಲ ಕೂಡಿ ಆಡಿದಾಗ ಪೋರ್ತುಗಲ್ ೧೦-೦ಯಿಂದ ಸೋತಿತು. ಬೇಕಾದಾಗ ಸೆಂಟರ್ ಫಾರ್ವರ್ಡ್ ಆಗಿಯೂ ಆಡಿದ. ೭೬ ಪಂದ್ಯಗಳಲ್ಲಿ ಅವನು ಹೊಡೆದದ್ದು ೩೦ ಗೋಲು. ಮ್ಯಾಥ್ಯೂಸ್ ೫೪ ಪಂದ್ಯಗಳಲ್ಲಿ ಹೊಡೆದದ್ದು ೧೧. ಆದರೆ ಪ್ರೆಸ್ಟನ್ ತಂಡ ೧೯೫೩ರಲ್ಲಿ ಗೋಲುಗಳ ಸರಾಸರಿಯ ಕೂದಲೆಳೆಯಿಂದ ಲೀಗ್ ಪಟ್ಟ ಕಳೆದುಕೊಂಡಿತು. ಮರುವರ್ಷ ಕಪ್ ಫೈನಲಿನಲ್ಲಿ ಸೋತಿತು. ಫಿನ್ನಿ ಬರಿಗೈಯಲ್ಲಿಯೇ ಉಳಿದ.

೧೯೫೨ರಲ್ಲಿ ಇಟಲಿಯ ಪಲೆರ್ಮೋ ತಂಡ ಅವನನ್ನು ಕರೆಯಿತು. ಸಹಿಗೆ ಹತ್ತು ಸಾವಿರ ಪೌಂಡು, ಇರಲು ಬಂಗಲೆ, ಓಡಾಡಲು ಕಾರು. ಇಂಗ್ಲೆಂಡಿನಲ್ಲಿ ಆಗ ಎಷ್ಟೇ ದೊಡ್ಡ ಆಟಗಾರನಿಗಾದರೂ ಸಂಬಳಕ್ಕೆ ಗರಿಷ್ಠ ಮಿತಿಯುಂಟು. ೧೯೦೧ರಲ್ಲಿ ವಾರಕ್ಕೆ ನಾಲ್ಕು ಪೌಂಡೆಂದು ಹುಟ್ಟಿದ ಆ ಮಿತಿ ೧೯೬೧ರಲ್ಲಿ ಸಾಯುವಾಗಲೂ ಇಪ್ಪತ್ತನ್ನು ದಾಟಿರಲಿಲ್ಲ. ಕ್ಲಬ್ಬು ಬಿಡದೆ ಆಟಗಾರ ಕದಲುವಂತೆಯೂ ಇರಲಿಲ್ಲ. ಪ್ರೆಸ್ಟನ್ ಬಿಡಲಿಲ್ಲ. ಫಿನ್ನಿ ಮರುಮಾತಾಡದೆ ಆಟಕ್ಕೂ ಕೊಳಾಯಿಯ ವ್ಯಾಪಾರಕ್ಕೂ ಮರಳಿದ. ಅವನ ಜೊತೆಯಲ್ಲಿ ಪ್ರೆಸ್ಟನ್ನಿಗೆ ಆಡಿದ ಬಿಲ್ ಶ್ಯಾಂಕ್ಲಿ, ಫಿನ್ನಿ ದಪ್ಪ ಕೋಟು ತೊಟ್ಟು ಆಡಿದರೂ ಯಾವ ಕಾಲದಲ್ಲಿಯಾದರೂ ದೊಡ್ಡವನೇ ಎನ್ನುತ್ತಿದ್ದನಂತೆ. ಗೆಳೆಯನ ಮಾತೆಂದು ಸ್ವಲ್ಪ ಮುರಿದುಕೊಂಡರೂ ನನ್ನ ಒಲವು ಶ್ಯಾಂಕ್ಲಿಯ ಕಡೆಗೇ. ಮ್ಯಾಥ್ಯೂಸ್ ಒಂದು ವಿದ್ಯೆಯ ಪರಾಕಾಷ್ಠೆ. ಫಿನ್ನಿಗೆ ಆ ಆಟದ ವಿದ್ಯೆಗಳೆಲ್ಲ ಕರಗತ. ಬೇರೆ ಕಾಲದಲ್ಲಿ, ಬೇರೆ ಕೆಲಸ ಕೊಟ್ಟರೂ ಸಲ್ಲುವವನು ಎರಡನೆಯವನೇ.

ಪ್ರೆಸ್ಟನ್ನಿನ ಮಾತು ಬಂದಮೇಲೆ ಅದೇ ಊರಿನ ಇನ್ನೊಬ್ಬರನ್ನು ಬಿಡಲಾಗದು. ಮೊದಲ ಮಹಾಯುದ್ಧದ ಕಾಲದಲ್ಲಿ ಅಲ್ಲಿನ ಡಿಕ್-ಕರ್ ಕಾರ್ಖಾನೆಯ ಹೆಂಗಸರು ತಂಡ ಕಟ್ಟಿ, ಗಾಯಗೊಂಡ ಸೈನಿಕರ ನೆರವಿಗಾಗಿ ಆಡಿ ಹಣ ಕೂಡಿಸಿದರು. ೧೯೨೦ರ ಕ್ರಿಸ್‌ಮಸ್ಸಿನ ಮರುದಿನ ಲಿವರ್‌ಪೂಲಿನ ಗುಡಿಸನ್ ಪಾರ್ಕಿನಲ್ಲಿ ಇವರ ಆಟ ನೋಡಲು ಸೇರಿದವರು ೫೩,೦೦೦ ಮಂದಿ. ಎಡ ಅಂಚಿನಲ್ಲಿ ಆಡುತ್ತಿದ್ದ ಲಿಲಿ ಪಾರ್‌ಗೆ ಆಗ ಹದಿನೈದು ವಯಸ್ಸು. ಮರುವರ್ಷ ಡಿಸೆಂಬರಿನಲ್ಲಿ ಇಂಗ್ಲೆಂಡಿನ ಫುಟ್ಬಾಲ್ ಸಂಸ್ಥೆ, ಈ ಆಟ ಹೆಂಗಸರಿಗೆ ತಕ್ಕುದಲ್ಲವೆಂದು ಸಾರಿ, ತನ್ನ ಕ್ಲಬ್ಬುಗಳ ಮೈದಾನಗಳ ಬಾಗಿಲನ್ನು ಅವರಿಗೆ ಮುಚ್ಚಿತು. ಅದು ತೆರೆಯಲು ಸುಮಾರು ಐವತ್ತು ವರ್ಷ ಬೇಕಾಯಿತು. ಲಿಲಿ ಪಾರ್ ಆಸ್ಪತ್ರೆಯಲ್ಲಿ ದಾದಿಯಾಗಿ ದುಡಿಯುತ್ತ, ಸಿಕ್ಕಿದ ಬಯಲುಗಳಲ್ಲಿ ಮೂವತ್ತು ವರ್ಷ ಆಡಿದಳು. ಡೀನನೊಡನೆ ಇವಳನ್ನು ತೂಗಿ ನೋಡಿ ಎಂದರೆ ಯಾವ ಬಟ್ಟನ್ನು ಇಡುವುದು?

ಪ್ಲಿಮತ್ ತಂಡದ ಜ್ಯಾಕ್ ಲೆಸ್ಲಿಯದೂ ಅಂಥದೇ ಕಥೆ. ತಂದೆ ಜಮೈಕದವನು. ೧೯೨೫ರಲ್ಲಿ ಇಂಗ್ಲೆಂಡಿನ ತಂಡಕ್ಕೆ ಆರಿಸಿದ್ದಾರೆಂಬ ಸುದ್ದಿ ಬಂತು. ಕೆಲವೇ ದಿನಗಳಲ್ಲಿ ಹೆಸರು ಮಾಯವಾಯಿತು. ಮೈಬಣ್ಣವೇ ಕಾರಣವೆಂದು ಲೆಸ್ಲಿ ಕೊನೆಯವರೆಗೂ ನಂಬಿದ್ದ. ಕರಿಯ ಆಟಗಾರನೊಬ್ಬ ಇಂಗ್ಲೆಂಡಿನ ಹಿರಿಯರ ತಂಡದಲ್ಲಿ ಆಡಲು ೧೯೭೮ರಲ್ಲಿ ವಿವ್ ಆ್ಯಂಡರ್‌ಸನ್ ಬರುವವರೆಗೆ ಕಾಯಬೇಕಾಯಿತು. ಲೆಸ್ಲಿಗೆ ಸಲ್ಲಬೇಕಾದ ಗೌರವದ ಟೋಪಿಯನ್ನು ಅವನ ಮನೆಯವರ ಕೈಗಿತ್ತದ್ದು ೨೦೨೩ರಲ್ಲಿ. ದಾಖಲೆಯ ಪುಸ್ತಕದಲ್ಲಿ ಇವನ ಹೆಸರಿನ ಮುಂದೆ ಸೊನ್ನೆಯೇ ಇದೆ.

೧೯೬೬ರ ವಿಶ್ವಕಪ್ಪಿನ ಕಥೆ ಎಲ್ಲರಿಗೂ ಗೊತ್ತಿರುವುದರಿಂದ ಬೆಳೆಸುವುದಿಲ್ಲ. ನಾಯಕ ಬಾಬಿ ಮೂರ್ ೧೦೮ ಪಂದ್ಯಗಳಲ್ಲಿ ಎರಡೇ ಗೋಲು ಹೊಡೆದವನು. ಆದರೂ ಅವನಿಲ್ಲದೆ ಇಂಗ್ಲೆಂಡಿನ ಸಾರ್ವಕಾಲಿಕ ತಂಡವನ್ನು ಕಟ್ಟಲು ಯಾವ ಪಂಡಿತನಿಗೂ ಧೈರ್ಯವಿಲ್ಲ. ಗ್ರೀವ್ಸನ ಅದೃಷ್ಟ ಬೇರೆ. ಫ್ರಾನ್ಸಿನ ಎದುರು ಮೊಣಕಾಲ ಕೆಳಗೆ ಗಾಯವಾಗಿ ಹೊಲಿಗೆ ಬಿತ್ತು. ಅವನ ಜಾಗಕ್ಕೆ ಬಂದ ಜೆಫ್ ಹರ್ಸ್ಟ್ ಫೈನಲಿನಲ್ಲಿ ಮೂರು ಗೋಲು ಹೊಡೆದ. ಗ್ರೀವ್ಸ್ ಹೊರಗೆ ಕುಳಿತು ನೋಡಿದ. ಆಡದವರಿಗೂ ಪದಕ ಕೊಡಬೇಕೆಂಬ ವಿವೇಕ ಹುಟ್ಟಿ ಅವನಿಗೆ ಪದಕ ಸೇರಿದ್ದು ೨೦೦೯ರಲ್ಲಿ.

ಆ ತಂಡದಲ್ಲಿ ಇರಬೇಕಾಗಿದ್ದ ಇನ್ನೊಬ್ಬ ಡಂಕನ್ ಎಡ್ವರ್ಡ್ಸ್. ೧೯೫೮ರ ಫೆಬ್ರುವರಿ ೬ರಂದು ಮ್ಯೂನಿಕ್ಕಿನ ಹಿಮದಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ತಂಡದ ವಿಮಾನ ಉರುಳಿತು. ಹದಿನೈದು ದಿನ ಹೋರಾಡಿ ಆತ ತೀರಿಕೊಂಡಾಗ ವಯಸ್ಸು ಇಪ್ಪತ್ತೊಂದು. ಆ ವೇಳೆಗೇ ಇಂಗ್ಲೆಂಡಿಗೆ ೧೮ ಪಂದ್ಯ ಆಡಿದ್ದ. ಅದೇ ವಿಮಾನದಿಂದ ಬದುಕಿ ಬಂದ ಚಾರ್ಲ್‌ಟನ್, ತಾನು ಕಂಡವರಲ್ಲೆಲ್ಲ ಎಡ್ವರ್ಡ್ಸನೇ ಮಿಗಿಲೆಂದು ಬದುಕಿನುದ್ದಕ್ಕೂ ಹೇಳಿದ. ಪೆಲೆಯನ್ನು ಎದುರಿನಲ್ಲಿ ಕಂಡವನ ಮಾತು ಇದು.

ಹಳೆಯ ಚೆಂಡಿನ ಬಗ್ಗೆ ಒಂದು ತಪ್ಪು ತಿಳಿವಳಿಕೆ ಬೇರೂರಿದೆ. ಅದು ಇಂದಿನದಕ್ಕಿಂತ ಬಹಳ ಭಾರವಾಗಿತ್ತು ಎನ್ನುತ್ತಾರೆ. ನಿಜವಾಗಿ, ಒಣಗಿದ ಚೆಂಡಿನ ತೂಕದ ನಿಯಮ ೧೯೩೭ರಿಂದ ಹೆಚ್ಚುಕಡಿಮೆ ಒಂದೇ. ಆದರೆ ಆಗಿನದು ತೊಗಲಿನದು. ಮಳೆ ಬಂದರೆ ನೀರು ಕುಡಿಯುತ್ತಿತ್ತು. ತಲೆಯಿಂದ ಹೊಡೆದ ಗೋಲುಗಳ ಪಟ್ಟಿ ಮಾಡುವವರು ಆ ತಲೆಗಳ ಗತಿಯನ್ನೂ ಬರೆದಿಡಬೇಕು. ಜೆಫ್ ಆ್ಯಸ್ಟಲ್ ೨೦೦೨ರಲ್ಲಿ ಐವತ್ತೊಂಬತ್ತಕ್ಕೇ ತೀರಿಕೊಂಡಾಗ, ಅದು ವೃತ್ತಿಯಿಂದ ಬಂದ ರೋಗವೆಂದು ಮರಣವಿಚಾರಣೆ ತೀರ್ಪಿತ್ತಿತು. ೧೯೬೬ರ ಫೈನಲಿನಲ್ಲಿ ಆಡಿದ ಹನ್ನೊಂದು ಮಂದಿಯಲ್ಲಿ ಐವರು, ಚಾರ್ಲ್‌ಟನ್ ಸಹೋದರರಿಬ್ಬರೂ ಸೇರಿ, ಮುಪ್ಪಿನಲ್ಲಿ ಮರೆವಿನ ರೋಗಕ್ಕೆ ತುತ್ತಾದರು. ಇಡೀ ದೇಶ ನೆನಪಿಟ್ಟುಕೊಂಡ ಅಪರಾಹ್ನ ಅದನ್ನು ಆಡಿದವರ ನೆನಪಿನಿಂದಲೇ ಜಾರಿಹೋಯಿತು.

ಇನ್ನು ಕೇನ್. ಅವನ ಕಾಲ ಅವನಿಗೆ ಹಸಿರು ಜಮಖಾನೆಯಂಥ ಮೈದಾನ ಕೊಟ್ಟಿತು, ವೈದ್ಯರನ್ನು ಕೊಟ್ಟಿತು, ಹೊಡೆದ ಪ್ರತಿಯೊಂದು ಗೋಲನ್ನೂ ಚಿತ್ರದಲ್ಲಿ ಹಿಡಿದಿಟ್ಟಿತು. ಅದಕ್ಕೆ ಪ್ರತಿಯಾಗಿ, ಬ್ಲೂಮರನ ಕನಸಿನಲ್ಲಿಯೂ ಬಾರದಷ್ಟು ವೇಗದ, ಲೆಕ್ಕಾಚಾರದ ರಕ್ಷಣೆಯನ್ನು ಎದುರಿಗೆ ನಿಲ್ಲಿಸಿತು. ಚಿಕ್ಕಂದಿನಿಂದ ಬೆಳೆದ ಟಾಟನ್‌ಹ್ಯಾಮ್ ತಂಡದಲ್ಲಿ ಇದ್ದಷ್ಟು ಕಾಲವೂ ಅವನು ಫಿನ್ನಿಯಂತೆಯೇ ಬರಿಗೈಯವನು. ೨೦೨೩ರಲ್ಲಿ ಮೂವತ್ತನೆಯ ವಯಸ್ಸಿನಲ್ಲಿ ಜರ್ಮನಿಯಿಂದ ಕರೆ ಬಂತು. ಕೇನ್ ಹೊರಟ, ೨೦೨೫ರಲ್ಲಿ ಬಾಯರ್ನ್ ಮ್ಯೂನಿಕ್ ತಂಡದೊಡನೆ ಮೊದಲ ಪಟ್ಟ ಗೆದ್ದ. ಪಲೆರ್ಮೋದಿಂದ ಕರೆ ಬಂದಾಗ ಫಿನ್ನಿಗೂ ಸರಿಯಾಗಿ ಮೂವತ್ತೇ ವಯಸ್ಸಾಗಿತ್ತು.