ವಿದ್ಯುತ್ ಗಾಲಿಕುರ್ಚಿ: ಕೊಳ್ಳುವ ಮುನ್ನ ಅಳೆಯಬೇಕಾದುವು

ಕಾಲು ಸೋತವರನ್ನು ಮನೆಯವರು ಎಷ್ಟೇ ಅಕ್ಕರೆಯಿಂದ ನೋಡಿಕೊಂಡರೂ ಒಂದು ಕೊರತೆ ಉಳಿದೇ ಉಳಿಯುತ್ತದೆ. ಕಿಟಕಿಯ ಬಳಿಗೆ ಹೋಗಬೇಕಾದರೂ ಇನ್ನೊಬ್ಬರನ್ನು ಕರೆಯಬೇಕು. ದುಡಿಯುವವರೆಲ್ಲ ಬೆಳಗಾಗುತ್ತಲೇ ಕಚೇರಿ, ಕಾರಖಾನೆಗಳಿಗೆ ಹೊರಡುವ ನಮ್ಮಂಥವರ ಬಿಡಾರಗಳಲ್ಲಿ ಹಗಲು ಹೊತ್ತು ಕರೆಯಲು ಯಾರೂ ಇರುವುದಿಲ್ಲ.

ಎರಡನೆಯ ಮಹಾಯುದ್ಧದಲ್ಲಿ ಬೆನ್ನುಹುರಿಗೆ ಪೆಟ್ಟುಬಿದ್ದು ಕೈಕಾಲುಗಳೆರಡೂ ಸೋತ ಸೈನಿಕರಿಗಾಗಿ ಕೆನಡಾದ ಎಂಜಿನಿಯರ್ ಜಾರ್ಜ್ ಕ್ಲೈನ್ ಅವರು 1950ರ ದಶಕದ ಆರಂಭದಲ್ಲಿ ವಿದ್ಯುತ್ ಗಾಲಿಕುರ್ಚಿಯನ್ನು ರೂಪಿಸಿದರು. ಎರಡು ಗಾಲಿಗಳಿಗೂ ಬೇರೆ ಬೇರೆ ಚಾಲನೆ, ಬೆರಳಿನಿಂದ ಒತ್ತಿದ ಕಡೆಗೆ ನಡೆಸುವ ಜಾಯ್‌ಸ್ಟಿಕ್ ಹಿಡಿ; ಇಂದಿನ ಕುರ್ಚಿಗಳದೂ ಇದೇ ತತ್ವ. ಕೈಯಲ್ಲಿ ಬಲವಿದ್ದವರಿಗೆ ಕೈಗಾಲಿಯ ಕುರ್ಚಿಯೇ ಹಗುರ, ಅಗ್ಗ. ಕೈ ಬೇಗನೆ ದಣಿಯುವವರಿಗೆ ಮೋಟಾರು ಬೇಕು.

ಅಂಗಡಿಗೆ ಹೋಗುವ ಮೊದಲು ಮನೆಯನ್ನು ಅಳೆಯಿರಿ. ಕುರ್ಚಿಗಳ ಅಗಲ ಸಾಮಾನ್ಯವಾಗಿ 55ರಿಂದ 65 ಸೆಂಟಿಮೀಟರ್. ಖೋಲಿಯ ಬಾಗಿಲು ಹಿಡಿಸಿದರೂ ಬಚ್ಚಲಿನ ಬಾಗಿಲು ಹಿಡಿಸದಿರಬಹುದು. ಲಿಫ್ಟಿನ ಬಾಗಿಲು, ಅದರ ಒಳಗಿನ ಉದ್ದ, ಓಣಿಯ ತಿರುವು ಎಲ್ಲವನ್ನೂ ಬರೆದುಕೊಳ್ಳಿ. ಮೆಟ್ಟಿಲಿಗೆ ಇಳಿಜಾರು ಹಾಕಿಸುವುದಾದರೆ ಒಂದಕ್ಕೆ ಹನ್ನೆರಡು ಎಂಬ ಲೆಕ್ಕ: 15 ಸೆಂಟಿಮೀಟರ್ ಎತ್ತರಕ್ಕೆ 180 ಸೆಂಟಿಮೀಟರ್ ಉದ್ದ. ಲಿಫ್ಟ್ ಇಲ್ಲದ ಮೇಲಂತಸ್ತಿನಲ್ಲಿದ್ದರೆ ಮೊದಲು ಕೆಳಗಿನ ಖೋಲಿಯನ್ನು ಹುಡುಕುವುದು ಲೇಸು. ಸಾಧಾರಣ ಕುರ್ಚಿ ಮೆಟ್ಟಿಲು ಹತ್ತದು.

ಅನಂತರ ಮೈಯ ಅಳತೆ. ಆಸನವು ಸೊಂಟಕ್ಕಿಂತ ತುಸುವೇ ಅಗಲವಿರಲಿ. ಹೆಚ್ಚು ಅಗಲವಾದರೆ ಮೈ ಒಂದು ಕಡೆಗೆ ವಾಲುತ್ತದೆ. ಕೈಯಾಸರೆ ತೆಗೆಯಲು ಬರುವಂತಿದ್ದರೆ ಮಂಚಕ್ಕೆ ಸರಿಯುವುದು ಸುಲಭ. ಒಳ್ಳೆಯ ಮೆತ್ತೆಯ ವಿಷಯದಲ್ಲಿ ಜಿಪುಣತನ ಬೇಡ. ಸ್ಪರ್ಶಜ್ಞಾನ ಕುಂದಿದವರಿಗೆ ಒತ್ತಡದಿಂದ ಏಳುವ ಹುಣ್ಣು ಪ್ರಾಣಕ್ಕೇ ಸಂಚಕಾರ ತರಬಲ್ಲದು. ಜಾಯ್‌ಸ್ಟಿಕ್ಕು ಯಾವ ಕೈ ಚುರುಕೋ ಆ ಕಡೆಗಿರಲಿ.

ಸೀಸದ ಬ್ಯಾಟರಿ ಅಗ್ಗ, ಆದರೆ ಭಾರ. ಅದನ್ನು ಬರಿದಾಗಿ ಬಿಟ್ಟರೆ ಬೇಗ ಕೆಡುತ್ತದೆ. ಲಿಥಿಯಂ ಬ್ಯಾಟರಿ ಹಗುರ, ಬೆಲೆ ಹೆಚ್ಚು. ಮಡಚುವ ಹಗುರ ಕುರ್ಚಿ 25 ಕಿಲೋದ ಆಸುಪಾಸಿನಲ್ಲಿದ್ದರೆ, ಉಕ್ಕಿನದು ಅದರ ಇಮ್ಮಡಿ ತೂಗುವುದುಂಟು. ಟ್ಯಾಕ್ಸಿಗೆ ಅದನ್ನು ಎತ್ತಿಡುವವರು ಯಾರೆಂದು ಮೊದಲೇ ಯೋಚಿಸಿ. ಒಂದು ಚಾರ್ಜಿಗೆ ಇಷ್ಟು ಮೈಲಿ ಎಂದು ಮಾರುವವರು ಹೇಳುವುದು ಸಮತಟ್ಟಾದ ನೆಲದ ಲೆಕ್ಕ. ಏರುದಾರಿಯಲ್ಲಿ ಅದು ಇಳಿಯುತ್ತದೆ. ಮಳೆಯ ನೀರು ಮೋಟಾರಿಗೂ ಹಿಡಿಗೂ ಶತ್ರು. ರಿಪೇರಿ ನಿಮ್ಮ ಊರಿನಲ್ಲೇ ಆಗುತ್ತದೆಯೇ ಎಂದು ಕೇಳಲು ಮರೆಯಬೇಡಿ.

ಹಣದ ಅಡಚಣೆಯುಳ್ಳವರು ಮೊದಲು ಅಂಗವೈಕಲ್ಯ ಪ್ರಮಾಣಪತ್ರವನ್ನೂ ದೇಶದೆಲ್ಲೆಡೆ ಮಾನ್ಯವಾದ ಯುಡಿಐಡಿ ಚೀಟಿಯನ್ನೂ ಮಾಡಿಸಿಕೊಳ್ಳಬೇಕು. 1981ರಲ್ಲಿ ಆರಂಭವಾದ ಕೇಂದ್ರ ಸರಕಾರದ ಎಡಿಐಪಿ ಯೋಜನೆಯಲ್ಲಿ ಆದಾಯಮಿತಿಗೆ ಒಳಪಟ್ಟು ಸಾಧನಗಳಿಗೆ ನೆರವು ದೊರೆಯುತ್ತದೆ. 1972ರಲ್ಲಿ ಸ್ಥಾಪಿತವಾದ ಕಾನಪುರದ ಅಲಿಂಕೊ ಸಂಸ್ಥೆ ಇಂಥ ಸಾಧನಗಳನ್ನು ತಯಾರಿಸುತ್ತದೆ.

ವೇಗವನ್ನೂ ಹೊಳಪನ್ನೂ ಕಟ್ಟಕಡೆಗೆ ನೋಡಿ. ಸಾಧ್ಯವಾದರೆ ಕುರ್ಚಿಯನ್ನು ಮನೆಗೇ ತರಿಸಿ, ಬಳಸುವವರನ್ನೇ ಕೂರಿಸಿ ನಡೆಸಲು ಹೇಳಿ. ಯಾರನ್ನೂ ಕರೆಯದೆ ಮಂಚದ ಬಳಿಯಿಂದ ರಸ್ತೆಯ ತನಕ ಹೋಗಿ ಅವರು ಮರಳಿ ಬಂದರೆ ಆ ಕುರ್ಚಿಗೆ ಹಣ ಕೊಡಬಹುದು.